ಗುಂಪು: ಅಜ್ಜಿ ಮನೆ ಮಂದಿ

ದೊಡ್ಡಪ್ಪ: (ಫಾರ್ವರ್ಡ್ ವಿಡಿಯೊ) ಕುಡಿದು ಗಾಡಿ ಓಡಿಸಿ ಜೀವ ತೆಗೆದವನನ್ನು ಬಿಡಿಸೋದು ಹೇಗೆ ಅಂತ ಒಬ್ಬ ವಕೀಲ ಪಾಠ ಮಾಡ್ತಿದ್ದಾನೆ. ನಾಚಿಕೆ ಬೇಡವಾ? ವಿದ್ಯಾ, ನಿಮ್ಮವರೇ ನೋಡಮ್ಮ.

ವಿದ್ಯಾ: ಪೂರ್ತಿ ನೋಡಿದಿರಾ ದೊಡ್ಡಪ್ಪ? ಅವರು ಹೇಳುತ್ತಿರುವುದು ಯಾವ ಸೆಕ್ಷನ್ ಅನ್ನೋ ಜಗಳ. ನಿರ್ಲಕ್ಷ್ಯ ಅಂದರೆ ಹಳೇ ದಂಡ ಸಂಹಿತೆಯ (ಐಪಿಸಿ) 304ಎ, ಹೆಚ್ಚೆಂದರೆ 2 ವರ್ಷ ಜೈಲು. ಸಾವು ಆಗಬಹುದು ಅಂತ ಗೊತ್ತಿದ್ದೂ ಓಡಿಸಿದ ಅಂದರೆ 304ರ ಎರಡನೇ ಭಾಗ, 10 ವರ್ಷದವರೆಗೆ. ಈಗ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 304ಎ ಅಂದರೆ 106, 304 ಅಂದರೆ 105. 106ಕ್ಕೆ ಈಗ 5 ವರ್ಷದವರೆಗೆ.

ದೊಡ್ಡಪ್ಪ: ಇಂಥವರ ಕೇಸು ಯಾರೂ ಹಿಡಿಯಬಾರದು ಅಂತ ವಕೀಲರ ಸಂಘದವರು ಠರಾವು ಮಾಡಲಿ.

ವಿದ್ಯಾ: ಅಂಥ ಠರಾವು ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಕಿರಣ್: ಮುಂಬೈ ಬಾಂದ್ರಾ, 2006. ಕುಡಿದು ಓಡಿಸಿದವನ ಕಾರು ಹರಿದು ಫುಟ್‌ಪಾತಲ್ಲಿ ಮಲಗಿದ್ದ 7 ಜನ ಸತ್ತರು. ಕೆಳಗಿನ ಕೋರ್ಟು ಕೊಟ್ಟಿದ್ದು ಬರೀ 6 ತಿಂಗಳು! ಇದೇನಾ ನಿಮ್ಮ ಕಾನೂನು?

ವಿದ್ಯಾ: ಮುಂದಿನದನ್ನೂ ಓದು. ಹೈಕೋರ್ಟ್ ಅದನ್ನು 3 ವರ್ಷ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್, ಇದೂ ತೀರಾ ಕಡಿಮೆ, ಆದರೆ ಜಾಸ್ತಿ ಮಾಡಿ ಅಂತ ಸರ್ಕಾರ ಅಪೀಲೇ ಹಾಕಿಲ್ಲ, ನಾವೇನೂ ಮಾಡಲ್ಲ ಅಂದಿತು. ಆರೋಪಿ ಕಡೆ ವಕೀಲ ಅವನ ಕೆಲಸ ಮಾಡಿದ. ಮಾಡದೇ ಇದ್ದವರು ಯಾರು?

ಕಿರಣ್: ಪುಣೆಯ 2024ರ ಕಾರು ಅಪಘಾತ? ಓಡಿಸಿದವನ ರಕ್ತದ ಸ್ಯಾಂಪಲ್ಲೇ ಬದಲಾಯಿಸಿದರಲ್ಲ!

ವಿದ್ಯಾ: ಆ ಆರೋಪದ ಮೇಲೆ ವೈದ್ಯರನ್ನೇ ಹಿಡಿದರು. ಅದು ವಾದ ಅಲ್ಲ, ಅದೇ ಬೇರೆ ಅಪರಾಧ. ರಕ್ತ ಯಾವಾಗ ತೆಗೆದಿರಿ, ಸೀಲ್ ಸರಿಯಿತ್ತಾ ಅಂತ ಕೇಳೋದು ವಾದ. 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿತ್ತು ಅಂತ ತೋರಿಸಬೇಕಾದವರು ಪೊಲೀಸರು. ಬಂಧಿಸಿದ ಎರಡು ಗಂಟೆಯೊಳಗೆ ತಪಾಸಣೆ ಆಗಬೇಕು ಅಂತ ಮೋಟಾರು ಕಾಯ್ದೆಯಲ್ಲೇ ಇದೆ.

ಶೋಭತ್ತೆ: ನಮ್ಮ ಭಾವನವರಿಗೆ ಟೆಂಪೊ ಗುದ್ದಿತಲ್ಲ, ಆ ಡ್ರೈವರ್ ರಕ್ತ ತೆಗೆದಿದ್ದು ಮಾರನೇ ದಿನ ಮಧ್ಯಾಹ್ನ. ಅಷ್ಟೊತ್ತಿಗೆ ಏನು ಉಳಿದಿರುತ್ತೆ? ಬಾಯಿ ವಾಸನೆ ಬರ್ತಿತ್ತು ಅಂತ ಒಂದು ಸಾಲು ಬರೆದಿದ್ದರು, ಅಷ್ಟೇ.

(ಹತ್ತು ನಿಮಿಷ ಯಾರದ್ದೂ ಮೆಸೇಜ್ ಇಲ್ಲ.)

ವಿದ್ಯಾ: ಅತ್ತೆ, ಸುಳ್ಳು ಹೇಳಲ್ಲ. ಅವನ ಪರ ನಾನೇ ನಿಂತಿದ್ದರೂ ಆ ಮಧ್ಯಾಹ್ನದ್ದನ್ನೇ ಕೇಳುತ್ತಿದ್ದೆ.

ಶೋಭತ್ತೆ: ಗೊತ್ತು ಕಣೆ. ಅವನ ವಕೀಲ ಒಂದು ತಾರೀಖೂ ತಪ್ಪಿಸಲಿಲ್ಲ. ನಮ್ಮ ಕಡೆ ಸರ್ಕಾರಿ ವಕೀಲರೇ ಮೂರು ಸಲ ಬದಲಾದರು. ಕೊನೆಯವರಿಗೆ ಭಾವನವರ ಹೆಸರೇ ಗೊತ್ತಿರಲಿಲ್ಲ. ಅಣ್ಣ, ಬೈಯೋದಾದರೆ ಅವರನ್ನು ಬೈಯಿ.

(ದೊಡ್ಡಪ್ಪ ಒಂದು ಮೆಸೇಜ್ ಡಿಲೀಟ್ ಮಾಡಿದ್ದಾರೆ.)

ಕಿರಣ್: ದೊಡ್ಡಪ್ಪ, ವಿಡಿಯೊ ಯಾಕೆ ತೆಗೆದಿರಿ? ನಾನಿನ್ನೂ ನೋಡೇ ಇಲ್ಲ.