ಪ್ರಶ್ನೋತ್ತರ: ಮಗು ಓದುತ್ತಿದೆಯಾ, ಬಾಯಿಪಾಠ ಒಪ್ಪಿಸುತ್ತಿದೆಯಾ?

ಟೀಚರ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಏಳರಿಂದ ಒಂಬತ್ತರವರೆಗೆ ಗುಂಪಿನಲ್ಲಿ ಇರುತ್ತೇನೆ. ಒಂದನೇ, ಎರಡನೇ ತರಗತಿಗೆ ಓದು ಕಲಿಸುತ್ತಾ 19 ವರ್ಷ ಆಯಿತು. ಫೋನಿಕ್ಸ್ ಅಂದರೆ ಅಕ್ಷರದ ಹೆಸರು ಬಿಟ್ಟು, ಅದು ಮಾಡುವ ಸದ್ದು ಹಿಡಿದು ಓದಿಸುವುದು. ಮಗುವಿನ ತರಗತಿ, ಮನೆಮಾತು, ತಪ್ಪು ಬರೆದ ಒಂದೆರಡು ಪದ ಹೇಳಿ. ಸುಮ್ನೆ "ಓದಲ್ಲ ಮೇಡಂ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ.

ಶಿಡ್ಲಘಟ್ಟದ ಅಪ್ಪ: ಮಗಳು ಯುಕೆಜಿ ಮೇಡಂ. ಎಲ್ಲ ಅಕ್ಷರದ ಸದ್ದೂ ಹೇಳುತ್ತಾಳೆ. ಆದರೆ ಸಿ-ಎ-ಟಿ ತೋರಿಸಿದರೆ "ಕ, ಆ, ಟ... ಕಾಟ" ಅಂತಾಳೆ. ಎಲ್ಲಿ ತಪ್ಪುತ್ತಿದೆ?

ಟೀಚರ್: ಸದ್ದಿನ ಬಾಲದಲ್ಲಿ. ಸಿ ಅಕ್ಷರಕ್ಕೆ ನಾವು ಪೂರ್ತಿ "ಕ" ಅಂದುಬಿಡುತ್ತೇವೆ. ಅದರೊಳಗೆ ಒಂದು "ಅ" ಸೇರಿಕೊಂಡಿದೆ. ಬೇಕಾಗಿರುವುದು ಬರೀ "ಕ್". ಕಾಗುಣಿತ ಬರೆದು ಬೆಳೆದ ನಮಗೆ ಕ ಗೂ ಕ್ ಗೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದನ್ನೇ ಇಲ್ಲಿ ಬಳಸಿ: ಕ್, ಆ್ಯ, ಟ್.

ಇನ್ನೊಂದು. ಎಳೆಯಲು ಬರುವ ಸದ್ದಿನಿಂದ ಶುರು ಮಾಡಿ. ಮ್‌ಮ್‌ಮ್, ಸ್‌ಸ್‌ಸ್, ನ್‌ನ್‌ನ್. ಮ್ಯಾಟ್, ಸ್ಯಾಟ್ ಥರದ ಪದ ಮೊದಲು. ಮಧ್ಯೆ ನಿಲ್ಲಿಸದೆ ಒಂದು ಸದ್ದಿನಿಂದ ಇನ್ನೊಂದಕ್ಕೆ ಜಾರಬೇಕು. ಕ್, ಟ್, ಪ್ ಎಳೆಯಲು ಬರುವುದಿಲ್ಲ. ಅವು ಸದ್ಯಕ್ಕೆ ಪದದ ಕೊನೆಯಲ್ಲಿ ಇರಲಿ.

ಬಾಗೇಪಲ್ಲಿಯ ಅಮ್ಮ: ಮಗ ಒಂದನೇ ಕ್ಲಾಸ್, ಮನೆಯಲ್ಲಿ ತೆಲುಗು. ಬಸ್ ಬರೆಯೋ ಅಂದರೆ ಬಿ-ಎ-ಎಸ್-ಯು ಅಂತ ಬರೆದಿದ್ದಾನೆ. ಎಗ್ ಅಂದರೆ ವೈ-ಇ-ಜಿ. ಪುಸ್ತಕದ ತುಂಬಾ ಕೆಂಪು ಗೆರೆ. ದಡ್ಡನಾ ಮೇಡಂ?

ಟೀಚರ್: ದಡ್ಡ ಅಲ್ಲವೇ ಅಲ್ಲಮ್ಮ. ನಮ್ಮ ಬಾಯಲ್ಲಿ ಅದು "ಬಸ್ಸು", ನಿಮ್ಮ ತೆಲುಗಲ್ಲೂ "ಬಸ್ಸು". ಎಗ್ಗನ್ನು ನಾವು "ಯೆಗ್" ಅಂತಲೇ ಹೇಳುವುದು. ಕೇಳಿದ್ದನ್ನು ಒಂದೊಂದೇ ಸದ್ದಾಗಿ ಬಿಡಿಸಿ ಬರೆದಿದ್ದಾನೆ. "ಅ" ಸದ್ದಿಗೆ ಎ ಹಾಕಿದ್ದಕ್ಕೂ ಕಾರಣ ಇದೆ. ನಮ್ಮ ಹೆಸರುಗಳನ್ನು ಇಂಗ್ಲಿಷಲ್ಲಿ ಹಾಗೇ ಬರೆಯುತ್ತೇವೆ ಅಲ್ವಾ? ನನ್ನ ಕ್ಲಾಸಲ್ಲಿ ಹೀಗೆ ಬರೆದವನ ಬೆನ್ನು ತಟ್ಟುತ್ತೇನೆ, ಆಮೇಲೆ ತಿದ್ದುತ್ತೇನೆ. "ಬಸ್ಸು, ಬಸ್" ಎರಡೂ ಹೇಳಿ, ಯಾವುದು ಇಂಗ್ಲಿಷು ಅಂತ ಕೇಳಿ. ವಾರದಲ್ಲಿ ಹಿಡಿದುಕೊಳ್ಳುತ್ತಾನೆ.

ಗುಡಿಬಂಡೆಯ ಅಮ್ಮ: ಮೇಡಂ, ಮಗಳಿಗೆ 5 ವರ್ಷ. ಬಿ, ಡಿ ತಿರುಗಾಮುರುಗಾ ಬರೆಯುತ್ತಾಳೆ. ಏನು ಮಾಡಲಿ?

ಚಿಕ್ಕಬಳ್ಳಾಪುರದ ಅಪ್ಪ: ಫೋನಿಕ್ಸ್‌ಗೆ ಯಾವ ಆ್ಯಪ್ ಒಳ್ಳೆಯದು?

ಟೀಚರ್: ಆ್ಯಪ್ ಬೇಡ. ದಿನಕ್ಕೆ ಹತ್ತು ನಿಮಿಷ ನೀವೇ ಪಕ್ಕದಲ್ಲಿ ಕೂತುಕೊಳ್ಳಿ.

ಗೌರಿಬಿದನೂರಿನ ಅಮ್ಮ: ಮಗ ಎರಡನೇ ಕ್ಲಾಸ್, ಮನೆಯಲ್ಲಿ ಕನ್ನಡ. ಕಾಪಿರೈಟಿಂಗ್ ಮುತ್ತಿನಂಥ ಅಕ್ಷರ. ಪಾಠ ಪೂರ್ತಿ ಗಡಗಡ ಓದುತ್ತಾನೆ. ಡಿಕ್ಟೇಶನ್ ಕೊಟ್ಟರೆ ಮಾತ್ರ ಹತ್ತಕ್ಕೆ ಎರಡು. ಫಿಶ್ ಅಂದರೆ ಪಿ-ಐ ಬರೆದು ನಿಲ್ಲಿಸುತ್ತಾನೆ. ಕನ್ನಡದಲ್ಲೂ "ಪುಸ್ತಕ" ಹೇಳಿದರೆ "ಪುತಕ". ಕೆಲವು ದಿನ ಸರಿಯಾಗೇ ಬರೆಯುತ್ತಾನೆ. ಸೋಮಾರಿತನ ಅಂತ ಮಿಸ್ ಹೇಳುತ್ತಾರೆ.

ಟೀಚರ್: ಸ್ವಲ್ಪ ಇರಿ, ನಾಲ್ಕು ಪ್ರಶ್ನೆ. ಪಾಠದ ಮಧ್ಯದ ಒಂದು ಪದಕ್ಕೆ ಬೆರಳಿಟ್ಟರೆ ಓದುತ್ತಾನಾ? ಟಿವಿ ಸೌಂಡ್ ಜಾಸ್ತಿ ಇಡುತ್ತಾನಾ? ಹಿಂದಿನಿಂದ ಕರೆದರೆ ತಿರುಗುತ್ತಾನಾ? ನೆಗಡಿ ಪದೇ ಪದೇ ಬರುತ್ತಾ?

ಗೌರಿಬಿದನೂರಿನ ಅಮ್ಮ: ಮಧ್ಯದಿಂದ ಕೇಳಿದರೆ ತಡವರಿಸುತ್ತಾನೆ. ಟಿವಿ ಜೋರಾಗೇ ಬೇಕು. ಕರೆದರೆ ಎರಡು ಸಲಕ್ಕೆ "ಆಂ?" ಅಂತಾನೆ. ಚಳಿಗಾಲ ಪೂರ್ತಿ ನೆಗಡಿ. ದೀಪಾವಳಿ ಆದಮೇಲೆ ಎಡಗಿವಿ ಸೋರಿತ್ತು, ತಾನೇ ನಿಂತುಹೋಯಿತು.

ಟೀಚರ್: ಅಮ್ಮಾ, ಇದನ್ನು ನಿಧಾನವಾಗಿ ಓದಿ. ಎಲ್ಲಕ್ಕಿಂತ ಮೊದಲು ಅವನ ಕಿವಿ ತೋರಿಸಬೇಕು.

ನೋಡಿ ಬರೆಯುವುದು ಚೆನ್ನಾಗಿದೆ. ಅಂದರೆ ಕಣ್ಣು, ಕೈ ಸರಿ. ಪಾಠ ಒಪ್ಪಿಸುತ್ತಾನೆ. ಅಂದರೆ ನೆನಪೂ ಗಟ್ಟಿ. ಕೇಳಿ ಬರೆಯುವಲ್ಲಿ ಮಾತ್ರ ಸೋಲುತ್ತಾನೆ, ಅದರಲ್ಲೂ ಬಿಟ್ಟುಹೋಗಿರುವುದು ಯಾವುದು ನೋಡಿ: ಫಿಶ್‌ನ ಶ್, ಪುಸ್ತಕದ ಸ್. ಇವು ಬರೀ ಗಾಳಿಯ ಸದ್ದು, ಮೆತ್ತಗಿನವು. ನೆಗಡಿ ಆದಾಗ ಕಿವಿತಮಟೆಯ ಹಿಂದೆ ನೀರು ನಿಲ್ಲಬಹುದು. ಆಗ ನೀರಲ್ಲಿ ಮುಳುಗಿ ಹೊರಗಿನ ಮಾತು ಕೇಳಿದ ಹಾಗಿರುತ್ತದೆ. ಅ, ಆ, ಓ ಕೇಳುತ್ತದೆ. ಸ್, ಶ್, ಫ್ ಜಾರಿಹೋಗುತ್ತದೆ. ನೀರು ಕಡಿಮೆಯಾದ ದಿನ ಸರಿಯಾಗಿ ಬರೆಯುತ್ತಾನೆ. "ನಿನ್ನೆ ಬಂತು, ಇವತ್ತು ಯಾಕೆ ಬರಲ್ಲ" ಅಂತ ಮತ್ತೆ ನೀರು ತುಂಬಿದ ದಿನ ಏಟು ಬೀಳುವುದು.

ನಮ್ಮ ಕಡೆ ಮಕ್ಕಳು "ಹಾಲು" ಬದಲು "ಆಲು" ಅಂತಾರೆ. ಅದು ಊರ ಮಾತು, ಅದಕ್ಕೆ ನಾನು ಹೆದರುವುದಿಲ್ಲ. ನಿಮ್ಮ ಮಗನದು ಹಾಗಲ್ಲ ಅನ್ನಿಸುತ್ತಿದೆ.

ಈಗಲೇ ಒಂದು ಕೆಲಸ ಮಾಡಿ. ಟಿವಿ, ಫ್ಯಾನು ಆರಿಸಿ. ಮಗನ ಎದುರು ಒಂದು ಮಾರು ದೂರದಲ್ಲಿ ಕೂತು, ಬಾಯಿಗೆ ನೋಟ್‌ಬುಕ್ ಅಡ್ಡ ಹಿಡಿದು, ಮೆಲ್ಲಗೆ ಹತ್ತು ಪದ ಹೇಳಿ: ಸರ, ಮರ, ಬಸ್, ಬಟ್ಟೆ, ಶಾಲೆ... ಅವನು ತಿರುಗಿ ಹೇಳಲಿ. ಆಮೇಲೆ ಪುಸ್ತಕ ಕೆಳಗಿಟ್ಟು ಬೇರೆ ಹತ್ತು ಪದ. ಬಾಯಿ ಕಂಡಾಗ ಮಾತ್ರ ಸರಿ ಹೇಳಿದರೆ ತುಟಿ ನೋಡಿ ಅಂದಾಜು ಮಾಡುತ್ತಿದ್ದಾನೆ. ಇದರಲ್ಲೇ ತೀರ್ಮಾನ ಆಗುವುದಿಲ್ಲ. ಪಾಸಾದರೂ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಲೇಬೇಕು. ಆಡಿಯೋಮೆಟ್ರಿ, ಟಿಂಪನೊಮೆಟ್ರಿ ಎರಡೂ ಕೇಳಿ. ಮೊದಲನೆಯದು ಎಷ್ಟು ಕೇಳುತ್ತದೆ ಅಂತ ನೋಡುವುದು, ಎರಡನೆಯದು ತಮಟೆ ಹಿಂದೆ ನೀರಿದೆಯಾ ಅಂತ.

ಚಿಂತಾಮಣಿಯ ಸದಸ್ಯರು: ಬಂದ ಸಂದೇಶ: ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಮೂರು ತೊಟ್ಟು ಕಿವಿಗೆ ಬಿಡಿ. ಬಜೆ ತೇಯ್ದು ನಾಲಿಗೆಗೆ ಹಚ್ಚಿ. 21 ದಿನದಲ್ಲಿ ಮಗು ಗಡಗಡ ಓದುತ್ತದೆ. ಎಲ್ಲರಿಗೂ ಕಳಿಸಿ 🙏

ಟೀಚರ್: ದಯವಿಟ್ಟು ಅಳಿಸಿ. ಸೋರಿದ ಕಿವಿಯ ತಮಟೆಯಲ್ಲಿ ತೂತು ಇರಬಹುದು. ಎಣ್ಣೆ ನೇರ ಒಳಗೆ ಹೋಗುತ್ತದೆ. ಗೌರಿಬಿದನೂರಿನ ಅಮ್ಮ, ಕಿವಿಗೆ ಎಣ್ಣೆ, ನೀರು, ಕಡ್ಡಿ ಏನೂ ಹಾಕಬೇಡಿ.

ಚಿಂತಾಮಣಿಯ ಸದಸ್ಯರು: ನಮ್ಮ ಅಜ್ಜಿ ನಮಗೆಲ್ಲ ಹಾಕಿದ್ದರು, ಏನೂ ಆಗಿಲ್ಲ. ಆಗ ಫೋನಿಕ್ಸೂ ಇರಲಿಲ್ಲ. ಬೆತ್ತದ ಭಯಕ್ಕೆ ಸ್ಪೆಲ್ಲಿಂಗ್ ಬರುತ್ತಿತ್ತು.

ಶಿಡ್ಲಘಟ್ಟದ ಅಪ್ಪ: ಬೆತ್ತದ ಭಯಕ್ಕೆ ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲ್ ಬಿಟ್ಟು ರೇಷ್ಮೆ ನೂಲು ತೆಗೆಯಲು ಹೋದೆ. ಅದನ್ನು ದೊಡ್ಡದಾಗಿ ಹೇಳಬೇಡಿ ಸರ್.

ಚಿಂತಾಮಣಿಯ ಸದಸ್ಯರು: ಮನೆಯಲ್ಲಿ ತೆಲುಗು ಆಡಿ, ಸ್ಕೂಲಲ್ಲಿ ಇಂಗ್ಲಿಷ್ ಹಾಕಿ, ಮಗುವಿಗೆ ಬರಲ್ಲ ಅಂದರೆ ಹೇಗೆ? ಮೊದಲು ಮನೆಯಲ್ಲಿ ಕನ್ನಡ ಮಾತಾಡಿ.

ಬಾಗೇಪಲ್ಲಿಯ ಅಮ್ಮ: ನನ್ನ ಮಗ ಕನ್ನಡ ಚೆನ್ನಾಗೇ ಓದುತ್ತಾನೆ. ನಮ್ಮ ಅತ್ತೆ ಹತ್ತಿರ ಯಾವ ಭಾಷೆ ಆಡಬೇಕು ಅಂತ ನೀವು ಹೇಳಬೇಕಾಗಿಲ್ಲ.

ಚಿಕ್ಕಬಳ್ಳಾಪುರದ ಅಪ್ಪ: ಕನ್ನಡ ಮೀಡಿಯಂಗೆ ಹಾಕಿ ಅಂತ ಹೇಳುವವರ ಮೊಮ್ಮಕ್ಕಳು ಎಲ್ಲಿ ಓದುತ್ತಾರೆ ಕೇಳಿ.

ಗುಡಿಬಂಡೆಯ ಅಮ್ಮ: ಮೇಡಂ, ಬಿ-ಡಿ ಕೇಳಿದ್ದೆ...

ಟೀಚರ್: ಸಾಕು ಮಾಡಿ. ಮನೆಮಾತು ಬಿಡಿಸಬೇಡಿ. ತೆಲುಗಲ್ಲಿ ಪದ ಒಡೆಯಲು ಬಂದ ಮಗುವಿಗೆ ಕನ್ನಡದಲ್ಲೂ ಬರುತ್ತದೆ, ಇಂಗ್ಲಿಷಲ್ಲೂ ಬರುತ್ತದೆ. "ಕಮಲ"ಕ್ಕೆ ಮೂರು ಚಪ್ಪಾಳೆ ತಟ್ಟಿಸಿ. ಕ ತೆಗೆದರೆ ಏನು ಉಳಿಯಿತು ಕೇಳಿ. ಯಾವ ಭಾಷೆಯಲ್ಲಾದರೂ ಆಡಿಸಿ. ಇಂಗ್ಲಿಷಲ್ಲಿ ವನ್, ಸೆಡ್ ಥರದ ಕೆಲವು ಪದಗಳ ಸ್ಪೆಲ್ಲಿಂಗು ಸದ್ದಿನ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ, ಅವನ್ನು ನೆನಪಿಡಲೇಬೇಕು, ಒಪ್ಪುತ್ತೇನೆ. ಅದಕ್ಕೆ ಬೆತ್ತ ಬೇಕಿಲ್ಲ.

ಎಣ್ಣೆಯ ಸಂದೇಶ ಇನ್ನೂ ಅಲ್ಲೇ ಇದೆ. ಅಳಿಸಿ ಅಂದೆ.

ಚಿಕ್ಕಬಳ್ಳಾಪುರದ ಇನ್ನೊಬ್ಬ ಅಮ್ಮ: ಈಗ ಬಂದೆ ಮೇಡಂ. ಮಗನಿಗೆ 3 ವರ್ಷ, ಒಳ್ಳೆ ಆ್ಯಪ್ ಇದ್ದರೆ ಹೇಳಿ.

ಟೀಚರ್: ಮೇಲೆ ಹೇಳಿದ್ದೇನೆ, ಓದಿ. ಮೂರು ವರ್ಷಕ್ಕೆ ಕಥೆ, ಹಾಡು ಸಾಕು.

ಗೌರಿಬಿದನೂರಿನ ಅಮ್ಮ: ಮೇಡಂ, ಪುಸ್ತಕ ಅಡ್ಡ ಹಿಡಿದು ಕೇಳಿದೆ. ಹತ್ತರಲ್ಲಿ ಆರು ತಪ್ಪು. "ಸರ" ಅಂದರೆ "ಅರ" ಅಂದ. ಬಾಯಿ ತೋರಿಸಿ ಹೇಳಿದಾಗ ಒಂದೇ ತಪ್ಪು. ಮೊನ್ನೆ ಡಿಕ್ಟೇಶನ್‌ಗೆ ಅವರಪ್ಪ ಬೆನ್ನಿಗೆ ಹೊಡೆದಿದ್ದರು. ಈಗ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಕೂತಿದ್ದಾರೆ, ಮಾತೇ ಆಡುತ್ತಿಲ್ಲ.

ಟೀಚರ್: ನಾಳೆಯೇ ಹೊರಡಿ. ಅಲ್ಲಿ ಇ.ಎನ್.ಟಿ. ಡಾಕ್ಟರ್ ಇಲ್ಲದಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಬನ್ನಿ. ಕಾಪಿರೈಟಿಂಗ್ ಪುಸ್ತಕ, ಡಿಕ್ಟೇಶನ್ ಪುಸ್ತಕ ಎರಡೂ ತನ್ನಿ, ಪಕ್ಕಪಕ್ಕ ಇಟ್ಟು ಡಾಕ್ಟರಿಗೆ ತೋರಿಸಿ. ಕಿವಿ ಸೋರಿದ್ದನ್ನು ಮರೆಯದೆ ಹೇಳಿ. ಕ್ಲಾಸಲ್ಲಿ ಮೊದಲ ಸಾಲಿನಲ್ಲಿ, ಮಿಸ್ ಮುಖ ಕಾಣುವ ಹಾಗೆ ಕೂರಿಸಲು ಚೀಟಿ ಬರೆದುಕೊಡಿ. ಅಲ್ಲಿಯವರೆಗೆ ಡಿಕ್ಟೇಶನ್ ಬೇಡ. ಅವರಪ್ಪನಿಗೆ ಹೇಳಿ, ಹುಡುಗ ಕೇಳಿಸಿದ್ದಷ್ಟನ್ನೂ ಬರೆದಿದ್ದಾನೆ. ರಿಪೋರ್ಟ್ ಬಂದಮೇಲೆ ನನಗೆ ಕಳಿಸಿ, ಎಷ್ಟು ಹೊತ್ತಾದರೂ ಸರಿ.