ರಾಜ್ಯೋತ್ಸವಕ್ಕೆ 6 ನಿಮಿಷದ ಭಾಷಣ: ಏನು ಇಟ್ಟುಕೊಳ್ಳಲಿ, ಏನು ಬಿಡಲಿ?

ಬೇಲಿಹೂ:
ನವೆಂಬರ್ 1ಕ್ಕೆ ನಮ್ಮ ಅಪಾರ್ಟ್‌ಮೆಂಟ್ ಅಂಗಳದಲ್ಲಿ ಬಾವುಟ ಹಾರಿಸಿದ ಮೇಲೆ 6 ನಿಮಿಷ ಮಾತಾಡಬೇಕು. ಸುಮಾರು 150 ಜನ, ಬಿಸಿಲಲ್ಲಿ ನಿಂತೇ ಕೇಳುತ್ತಾರೆ, ಮಕ್ಕಳೇ ಹೆಚ್ಚು. ಕದಂಬರಿಂದ ಜ್ಞಾನಪೀಠದವರೆಗೆ ಬರೆದು 900 ಪದ ಆಗಿದೆ. ಎಲ್ಲಿ ಕತ್ತರಿಸಲಿ? ನೋಡಿ ಓದಲೋ, ಬಾಯಿಪಾಠ ಮಾಡಲೋ?

ಅರಳುಮಾತು:
ಅರ್ಧಕ್ಕರ್ಧ ಹೋಗಬೇಕು. ಕನ್ನಡದ ಪದಗಳು ಪ್ರತ್ಯಯ ಹೊತ್ತು ಉದ್ದವಾಗುತ್ತವೆ. ಬಯಲಲ್ಲಿ ಬಿಡಿಸಿ ಹೇಳುವಾಗ ನಿಮಿಷಕ್ಕೆ 80ರಷ್ಟು ಪದ ಲೆಕ್ಕ ಹಿಡಿಯಿರಿ. ಉಸಿರು, ಚಪ್ಪಾಳೆ ಕಳೆದರೆ 450 ಪದ ಧಾರಾಳ.

ರಾಜವಂಶಗಳ ಪಟ್ಟಿ ಪೂರ್ತಿ ಬಿಡಿ. ಒಂದು ಹೆಸರಿಗೂ ಮುಂದಿನದಕ್ಕೂ ಕೊಂಡಿ ಇಲ್ಲದಿದ್ದರೆ ಮೂರನೆಯದಕ್ಕೇ ಮಕ್ಕಳ ಗಮನ ಜಾರುತ್ತದೆ. ಏಕೀಕರಣ ಒಂದೇ ಎಳೆ ಸಾಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ "ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು" ಹಾಡು ಮೊಳಗಿದಾಗ, ಅದು ಹಾರೈಸಿದ ನಾಡು ಭೂಪಟದಲ್ಲೇ ಇರಲಿಲ್ಲ. ಶುರು ಅಲ್ಲಿಂದಾಗಲಿ. ಆಮೇಲೆ ಕೇಳುಗರನ್ನೇ 1956ರ ಏಕೀಕರಣಕ್ಕೆ ಮುಂಚಿನ ಭೂಪಟ ಮಾಡಿ: "ಧಾರವಾಡದ ಕಡೆಯವರು ಕೈ ಎತ್ತಿ. ನೀವು ಮುಂಬಯಿ ರಾಜ್ಯದವರು! ಮಂಗಳೂರು? ಮದ್ರಾಸು. ಕಲಬುರಗಿ? ಹೈದರಾಬಾದು. ಕೊಡಗು? ನಿಮ್ಮದೇ ಬೇರೆ ರಾಜ್ಯ." ನಾಲ್ಕು ಊರಿಗೆ ನಿಲ್ಲಿಸಿ, 40 ಸೆಕೆಂಡ್ ದಾಟಿಸಬೇಡಿ. ಕನ್ನಡ ಅಷ್ಟಾಗಿ ಬಾರದ ನೆರೆಯವರಿಗೂ ಇದು ಅರ್ಥವಾಗುತ್ತದೆ.

ಹಳೆನಕ್ಷೆ:
ಮೇಲಿನ ಉಪಾಯ ಚೆನ್ನಾಗಿದೆ, ಆದರೆ ಬಳ್ಳಾರಿಯವರು ಕೈ ಎತ್ತಿದರೆ ಎಡವುತ್ತೀರಿ. ಅದು ಮದ್ರಾಸಿನಿಂದ ಮೈಸೂರಿಗೆ ಬಂದದ್ದು 1953ರಲ್ಲೇ, ಆಂಧ್ರ ರಾಜ್ಯ ಆದಾಗ. ಇನ್ನೊಂದು ತಪ್ಪು ಪ್ರತಿ ವರ್ಷ ಕೇಳಿಬರುತ್ತದೆ: "1956ರಲ್ಲಿ ಕರ್ನಾಟಕ ಎಂಬ ಹೆಸರು ಬಂತು." ಅಂದು ಆದದ್ದು ವಿಶಾಲ ಮೈಸೂರು ರಾಜ್ಯ. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸರ ಕಾಲದಲ್ಲಿ. ಹೆಸರಿಗಾಗಿ ಇನ್ನೂ 17 ವರ್ಷ ಕಾಯಬೇಕಾಯಿತು ಅನ್ನುವುದೇ ನಿಮ್ಮ ಮಾತಿನ ಗಟ್ಟಿ ತಿರುವು. ಅದನ್ನು ಕೊನೆಯ ನಿಮಿಷಕ್ಕೆ ಉಳಿಸಿಕೊಳ್ಳಿ.

ಧ್ವನಿಪೆಟ್ಟಿಗೆ:
ಓದಬೇಡಿ, ಪೂರ್ತಿ ಬಾಯಿಪಾಠವೂ ಬೇಡ. ಒಂದು ಪದ ಮರೆತರೆ ಇಡೀ ಸರಪಳಿ ಕಳಚುತ್ತದೆ. ಮೊದಲ ಎರಡು, ಕೊನೆಯ ಎರಡು ವಾಕ್ಯ ಮಾತ್ರ ಕಂಠಸ್ಥವಾಗಿರಲಿ. ನಡುವಿನದಕ್ಕೆ ಅಂಗೈಯಗಲದ ದಪ್ಪ ಕಾರ್ಡಿನಲ್ಲಿ ಇಸವಿ, ಊರು ದೊಡ್ಡದಾಗಿ ಬರೆದುಕೊಳ್ಳಿ. ತೆಳು ಹಾಳೆ ಗಾಳಿಗೆ ಪಟಪಟ ಅನ್ನುತ್ತದೆ, ಮೈಕ್ ಅದನ್ನೂ ಹಿಡಿಯುತ್ತದೆ.

ಬರಹದ ಕನ್ನಡವನ್ನು ಬಾಯಿಗೆ ಒಗ್ಗಿಸಿ. "ಸ್ಥಾಪಿಸಲ್ಪಟ್ಟಿತು" ಹೋಗಿ "ಕಟ್ಟಿದರು" ಬರಲಿ. ಒಂದು ವಾಕ್ಯಕ್ಕೆ ಹತ್ತು ಹನ್ನೆರಡು ಪದ. ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯ ಉದ್ದವಾದಷ್ಟೂ ಕೇಳುಗರು ಅರ್ಥಕ್ಕೆ ಕಾಯಬೇಕಾಗುತ್ತದೆ, ನಿಮ್ಮ ಉಸಿರೂ ಅಷ್ಟರಲ್ಲಿ ಮುಗಿದು ಅದೇ ಕ್ರಿಯಾಪದ ನುಂಗಿಹೋಗುತ್ತದೆ.

ಮೈಕ್ ಬಾಯಿಗೆ ನೇರ ಬೇಡ. ನಾಲ್ಕು ಬೆರಳು ದೂರ, ತುಸು ಕೆಳಗೆ, ಓರೆಯಾಗಿ ಇದ್ದರೆ ಪ, ಬ, ಭ ಗಾಳಿ ಬಡಿಯುವುದಿಲ್ಲ. ಸ್ಪೀಕರ್ ನಿಮಗಿಂತ ಮುಂದಿರಲಿ, ಇಲ್ಲವಾದರೆ ಕೀರಲು ಶಬ್ದ ಗ್ಯಾರಂಟಿ. ಸುತ್ತ ಕಟ್ಟಡವಿದ್ದರೆ ದನಿ ಮರಳಿ ಬರುತ್ತದೆ, ಪ್ರತಿ ಇಸವಿಯ ನಂತರ ಒಂದು ಸೆಕೆಂಡ್ ನಿಲ್ಲಿ.

ಬೇಲಿಹೂ:
ಬಹಳ ಉಪಕಾರ. ವೇದಿಕೆಯ ಗಣ್ಯರ ಹೆಸರು ಹೇಳದಿದ್ದರೆ ತಪ್ಪಾಗುತ್ತದೆಯೇ?

ಅರಳುಮಾತು:
ಸ್ವಾಗತ ಭಾಷಣದವರು ಆಗಲೇ ಹೇಳಿರುತ್ತಾರೆ. "ಎಲ್ಲರಿಗೂ ನಮಸ್ಕಾರ" ಎಂದು ನೇರ ಬೆಳಗಾವಿಗೆ ಹೋಗಿ.