ನಮ್ಮೂರ ಶಾಸನ ಯಾವ ಕಪಾಟಿನಲ್ಲಿದೆ? ಗ್ರಂಥಾಲಯಕ್ಕೊಂದು ಆನ್‌ಲೈನ್ ನಕ್ಷೆ

ಪ್ರಶ್ನೆ: ಗ್ರಂಥಪಾಲಕಿ, ಶಿವಮೊಗ್ಗ

ನಮಸ್ಕಾರ. ನಾನು ಇಲ್ಲಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಬ್ರಿಟಿಷರ ಕಾಲದಲ್ಲಿ ಬಿ.ಎಲ್. ರೈಸ್ ಜಿಲ್ಲೆವಾರು ಸಂಪುಟಗಳಲ್ಲಿ ಹೊರತಂದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ ಕೇಳಿ ಬರುವವರಲ್ಲಿ ಸಂಪುಟದ ಸಂಖ್ಯೆ ಹೇಳುವವರು ಅಪರೂಪ. “ಮೇಡಂ, ನಮ್ಮೂರ ಗುಡಿಯ ಎದುರು ಒಂದು ಕಲ್ಲಿದೆ, ಅದರಲ್ಲಿ ಏನು ಬರೆದಿದೆ?” ಎಂದೇ ಕೇಳುತ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ಊರಿನ ಹೆಸರು ಹುಡುಕಿದರೆ ಏನೂ ಸಿಗುವುದಿಲ್ಲ. ಅಲ್ಲಿರುವುದು ಜಿಲ್ಲೆಯ ಹೆಸರು ಮಾತ್ರ. ಆ ಜಿಲ್ಲೆಯೂ ರೈಸ್ ಕಾಲದ್ದು. 1997ರಲ್ಲಿ ದಾವಣಗೆರೆಗೆ ಸೇರಿದ ಹೊನ್ನಾಳಿ, ಚನ್ನಗಿರಿಯ ಹುಡುಗರು ಶಿವಮೊಗ್ಗದ ಸಂಪುಟವನ್ನು ತೆರೆದೂ ನೋಡುವುದಿಲ್ಲ, ಅವರ ಊರುಗಳೆಲ್ಲ ಅದರೊಳಗೇ ಇವೆ!

ಅದಕ್ಕೇ ನಮ್ಮದೇ ಗುರುತುಗಳನ್ನು ಹಾಕಬಹುದಾದ ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ನಕ್ಷೆ ಮಾಡುವ ಯೋಚನೆ. ತಾಳಗುಂದದ ಮೇಲೆ ಒತ್ತಿದರೆ “7ನೇ ಸಂಪುಟ, ಶಿಕಾರಿಪುರ 176” (ಅಂದರೆ ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ) ಎಂದೂ ನಮ್ಮ ಕಪಾಟಿನ ಸಂಖ್ಯೆಯೂ ಕಾಣಬೇಕು. ಆದರೆ ಎಕ್ಸೆಲ್‌ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತ) ಮಾಡಿ ಏರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿದೆ. ಜೊತೆಗೆ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳನ್ನು ಎಲ್ಲಿ ಗುರುತಿಸಲಿ?

ಉತ್ತರ: ನಿವೃತ್ತ ಗ್ರಂಥಪಾಲಕ, ಮೈಸೂರು

ನೋಡಿಯಮ್ಮಾ, ಬರೀ “7ನೇ ಸಂಪುಟ” ಎಂದು ಬರೆಯಲೇಬೇಡಿ. ರೈಸ್ ಅವರ 7 ಮತ್ತು 8 ಶಿವಮೊಗ್ಗ ಜಿಲ್ಲೆಯವು, ನಿಜ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ 7 ಎಂದರೆ ಮಂಡ್ಯ. ಎರಡೂ ಇರುವ ಗ್ರಂಥಾಲಯದಲ್ಲಿ ಓದುಗ ಮಂಡ್ಯವನ್ನು ಕೈಗೆತ್ತಿಕೊಂಡು ಶಿಕಾರಿಪುರ ಹುಡುಕುತ್ತಾ ಕೂರುತ್ತಾನೆ. ಆವೃತ್ತಿಗೆ ಪ್ರತ್ಯೇಕ ಕಾಲಂ ಇರಲಿ. ರೈಸ್ ಅವರ “ನಗರ” ತಾಲ್ಲೂಕು ಈಗಿನ ಹೊಸನಗರ. ಹಳೆಯ ತಾಲ್ಲೂಕು, ಈಗಿನ ತಾಲ್ಲೂಕು ಎರಡನ್ನೂ ನಮೂದಿಸಿ. ಶಾಸನಕ್ಕೊಂದು ಗುರುತು ಹಾಕಬೇಡಿ, ಊರಿಗೊಂದು ಸಾಕು. ಇಲ್ಲದಿದ್ದರೆ ಶಾಸನಗಳು ತುಂಬಿರುವ ಬಳ್ಳಿಗಾವೆಯಂಥ ಊರಿನ ಮೇಲೆ ಗುರುತುಗಳ ರಾಶಿ ಬಿದ್ದು ಒಂದೂ ಒತ್ತಲಾಗುವುದಿಲ್ಲ. ಓದುಗನ ಸಮಯ ಉಳಿಸಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದಾರೆ. ನಮ್ಮಲ್ಲಿ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದರಲ್ಲೇ ಕೆಲಸ ಮುಗಿಯುತ್ತದೆ.

ಉತ್ತರ: ತೀರ್ಥಹಳ್ಳಿಯವನು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ

ಮೇಡಂ, ಸಿಎಸ್‌ವಿಯನ್ನು ಉಳಿಸುವಾಗ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಹಿಡಿಸುವ ಅಕ್ಷರ ಸಂಕೇತ) ಎಂದು ಆರಿಸಿ, ಅಥವಾ ಸಿಎಸ್‌ವಿಯ ಗೋಜೇ ಬೇಡ, ಗೂಗಲ್ ಶೀಟ್ ಅನ್ನೇ ನೇರವಾಗಿ ಏರಿಸಿ. ಕನ್ನಡ ಸರಿಯಾಗಿ ಬರುತ್ತದೆ. ಒಂದು ನಕ್ಷೆಗೆ 10 ಪದರಗಳು (ಲೇಯರ್), ಒಂದು ಪಟ್ಟಿಗೆ 2,000 ಸಾಲುಗಳ ಮಿತಿ ಇದೆ. ಎರಡು ಸಂಪುಟಗಳಲ್ಲಿ ಎಂಟು ತಾಲ್ಲೂಕುಗಳು, ತಾಲ್ಲೂಕಿಗೊಂದು ಪದರ ಎಂದರೂ ಎರಡು ಉಳಿಯುತ್ತವೆ.

ಊರಿನ ಹೆಸರು ಕೊಟ್ಟು ಜಾಗವನ್ನು ಅದೇ ಹುಡುಕಿಕೊಳ್ಳಲಿ ಎಂದು ಮಾತ್ರ ಬಿಡಬೇಡಿ. “ಹೊಸಹಳ್ಳಿ” ಎಂದರೆ ಅದು ಯಾವ ಜಿಲ್ಲೆಗೆ ಹಾರುತ್ತದೆಯೋ ದೇವರೇ ಬಲ್ಲ. ಅಕ್ಷಾಂಶ, ರೇಖಾಂಶಗಳ ಎರಡು ಕಾಲಂ ನೀವೇ ತುಂಬಿಸಿ. ಬೇಸರದ ಕೆಲಸ, ಆದರೆ ವಿದ್ಯಾರ್ಥಿಗಳಿಗೆ ಅವರವರ ಹೋಬಳಿ ಹಂಚಿದರೆ ಬೇಗ ಮುಗಿಯುತ್ತದೆ. ಗೂಗಲ್ ಬೇಡ ಎನಿಸಿದರೆ, ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಯುಮ್ಯಾಪ್ ಇದೆ. ಇದೇ ಪಟ್ಟಿ ಅಲ್ಲಿಗೂ ಆಗುತ್ತದೆ.

ಉತ್ತರ: ಶಾಸನ ಹುಡುಕುವ ಹವ್ಯಾಸಿ, ಸಾಗರ

ಅಕ್ಷಾಂಶ ಎಂದ ಕೂಡಲೇ ಕಲ್ಲು ನಿಂತಿರುವ ಜಾಗವನ್ನೇ ಕೊಟ್ಟುಬಿಡಬೇಡಿ ಅಕ್ಕಾ. ಕಾಡಿನಂಚಿನಲ್ಲಿರುವ ವೀರಗಲ್ಲು, ಪಾಳುಗುಡಿಗಳ ಬುಡ ಅಗೆಯುವ ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಗುರುತು ಊರಿನ ನಡುವೆ ಇರಲಿ, ಬಸ್ ನಿಲ್ದಾಣದಲ್ಲಾದರೂ ಸರಿ. ನಿಮ್ಮ ನಕ್ಷೆ ಜನರನ್ನು ಕರೆತರಬೇಕಾದದ್ದು ಪುಸ್ತಕದ ಹತ್ತಿರ ತಾನೇ?

ಮುಳುಗಿದ ಊರುಗಳನ್ನು ನೀರಿನ ಮೇಲೆಯೇ ಗುರುತಿಸಿ, ಬೇರೆ ಬಣ್ಣದಲ್ಲಿ. ಹಿನ್ನೀರಿನಿಂದ ಎದ್ದುಹೋದ ಕುಟುಂಬಗಳು ಎಷ್ಟೋ ಕಡೆ ಹಂಚಿಹೋಗಿವೆ. ಅಂಥ ಮನೆಯ ಮಕ್ಕಳು ಹುಡುಕುವುದು ಅಜ್ಜ ಹೇಳಿದ ಊರಿನ ಹೆಸರನ್ನು, ಈಗಿನ ವಿಳಾಸವನ್ನಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಶೀಟ್ ಏರಿಸಿದೆ, ಕನ್ನಡ ಅಚ್ಚುಕಟ್ಟಾಗಿ ಬಂತು. ಉಳಿದ ಎರಡರಲ್ಲಿ ಒಂದು ಪದರವನ್ನು ಮುಳುಗಡೆ ಊರುಗಳಿಗೆ ಇಡುತ್ತೇನೆ. ಮೊದಲು ಶಿಕಾರಿಪುರ.

ಉತ್ತರ: ಎಂ.ಎ. ವಿದ್ಯಾರ್ಥಿ, ಚನ್ನಗಿರಿ

ಮೇಡಂ, ಚನ್ನಗಿರಿಯನ್ನು ಮೊದಲು ಹಾಕಿದರೆ ಆಗದೇ? ಅಕ್ಷಾಂಶ ತುಂಬಿಸಲು ನಾನೇ ಬರುತ್ತೇನೆ. ನಿಮ್ಮ ಕಾಲೇಜಿಗೆ ಹೊರಗಿನವರನ್ನು ಬಿಡುತ್ತಾರೆಯೇ?